ಸ್ಪ್ಯಾನಿಷ್ ವಸಾಹತು ನಾಣ್ಯಗಳ ನೈಜತೆಯ ಪರೀಕ್ಷೆ

ಸ್ಪೇನಿನ ಅಮೆರಿಕನ್ ವಸಾಹತುಗಳ ಟಂಕಸಾಲೆಗಳಲ್ಲಿ 16ನೇ ಶತಮಾನದಿಂದ 19ನೇ ಶತಮಾನದ ಆರಂಭದವರೆಗೆ ತಯಾರಾದ ನಾಣ್ಯಗಳನ್ನು ಅವುಗಳ ನಕಲುಗಳಿಂದ ಬೇರ್ಪಡಿಸುವ ಕ್ರಮವನ್ನು ಸ್ಪ್ಯಾನಿಷ್ ವಸಾಹತು ನಾಣ್ಯಗಳ ನೈಜತೆಯ ಪರೀಕ್ಷೆ ಎನ್ನಲಾಗುತ್ತದೆ. ಈ ನಾಣ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ಸ್ಪ್ಯಾನಿಷ್ ಡಾಲರ್' ಎಂದೂ ಕರೆಯಲ್ಪಡುವ ಎಂಟು ರೆಯಾಲ್‌ಗಳ ಬೆಳ್ಳಿ ನಾಣ್ಯ. ಅರಬ್ ರಾಷ್ಟ್ರಗಳ ಇಂದಿನ 'ರಿಯಾಲ್' ಎಂಬ ಹೆಸರೂ ಈ ರೆಯಾಲ್‌ನಿಂದಲೇ ಬಂದುದು.

ಹಿನ್ನೆಲೆ

ಮೆಕ್ಸಿಕೋ ನಗರದ ಟಂಕಸಾಲೆ 1535ರ ರಾಜಾಜ್ಞೆಯಿಂದ ಸ್ಥಾಪನೆಯಾಯಿತು. ಮುಂದೆ ಲೀಮಾ ಹಾಗೂ ಪೊಟೊಸಿಗಳಲ್ಲಿಯೂ ಟಂಕಸಾಲೆಗಳು ತಲೆಯೆತ್ತಿದವು. ಅಲ್ಲಿನ ಬೆಳ್ಳಿ ಮನಿಲಾದ ಮೂಲಕ ಚೀನಾವನ್ನೂ ಯೂರೋಪಿನ ಮೂಲಕ ಭಾರತವನ್ನೂ ತಲುಪಿತು. 17ನೇ ಶತಮಾನದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಸೂರತ್ತಿಗೆ ತಂದ ಇಂತಹ ನಾಣ್ಯಗಳು ಮೊಗಲ್ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಗಳಾದವು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1857ರವರೆಗೂ ಇದಕ್ಕೆ ಕಾನೂನಿನ ಮಾನ್ಯತೆ ಇತ್ತು. ಎಲ್ಲೆಡೆ ಸಲ್ಲುವ ನಾಣ್ಯವನ್ನು ಎಲ್ಲೆಡೆ ನಕಲು ಮಾಡಿದ್ದು ಸಹಜವೇ ಆಗಿದೆ.

ನಕಲುಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ನಾಣ್ಯವು ಚಲಾವಣೆಯಲ್ಲಿದ್ದಾಗಲೇ ವ್ಯಾಪಾರಿಗಳನ್ನು ವಂಚಿಸಲು ಮಾಡಿದ್ದು, ಎರಡನೆಯದು ಇಂದಿನ ಸಂಗ್ರಾಹಕರನ್ನು ವಂಚಿಸಲು ಮಾಡಿದ್ದು, ಮೂರನೆಯದು ಪ್ರವಾಸಿಗರಿಗೆ ನೆನಪಿನ ವಸ್ತುವಾಗಿ ಮಾರುವ ಪ್ರತಿರೂಪ.

ಬೆಳ್ಳಿ ಕಡಿಮೆ ಇದ್ದ ಮಾತ್ರಕ್ಕೆ ನಾಣ್ಯವನ್ನು ಖೋಟಾ ಎನ್ನಲಾಗದು. 1640ರ ದಶಕದಲ್ಲಿ ಪೊಟೊಸಿಯ ಅಧಿಕೃತ ಟಂಕಸಾಲೆಯಲ್ಲಿಯೇ ಬೆಳ್ಳಿಗೆ ಮಿತಿಮೀರಿ ತಾಮ್ರ ಬೆರೆಸಲಾಗುತ್ತಿತ್ತು. ವಿಚಾರಣೆಯ ತರುವಾಯ ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾ ಎಂಬಾತನಿಗೆ 1650ರಲ್ಲಿ ಮರಣದಂಡನೆಯಾಯಿತು. 1652ರಲ್ಲಿ ನಾಣ್ಯದ ವಿನ್ಯಾಸವನ್ನೇ ಬದಲಾಯಿಸಲಾಯಿತು. ಆ ಕಳಪೆ ನಾಣ್ಯಗಳು ವಂಚನೆಯ ಫಲವಾದರೂ ನಾಣ್ಯಶಾಸ್ತ್ರದ ದೃಷ್ಟಿಯಲ್ಲಿ ನೈಜವೇ.

ತೂಕ ಮತ್ತು ಸಾಂದ್ರತೆ

1728ರ ಸುಧಾರಣೆಯ ನಂತರದ ಎಂಟು ರೆಯಾಲ್ ನಾಣ್ಯದ ನಿಗದಿತ ತೂಕ ಸುಮಾರು 27.07 ಗ್ರಾಂ, ಅದಕ್ಕೂ ಮುಂಚೆ ಸುಮಾರು 27.47 ಗ್ರಾಂ. ಬೆಳ್ಳಿಯ ಪ್ರಮಾಣ ಶೇ. 91.7ರಷ್ಟಿದ್ದುದು 1772ರಲ್ಲಿ ಸುಮಾರು ಶೇ. 90.3ಕ್ಕೆ, 1786ರಲ್ಲಿ ಗುಟ್ಟಾಗಿ ಸುಮಾರು ಶೇ. 89.6ಕ್ಕೆ ಇಳಿಯಿತು. ಆದ್ದರಿಂದ ನಾಣ್ಯದ ಮೇಲಿನ ವರ್ಷವನ್ನು ಓದದೆ ಅದರ ಲೋಹವನ್ನು ಅಳೆಯುವುದು ನಿರರ್ಥಕ.

ಲೋಹಕ್ಕೆ ಹಾನಿಯಾಗದ ಸುಲಭ ಪರೀಕ್ಷೆಯೆಂದರೆ ಸಾಂದ್ರತೆಯ ಅಳತೆ. ನಾಣ್ಯವನ್ನು ಮೊದಲು ಗಾಳಿಯಲ್ಲಿ, ಅನಂತರ ತೆಳುವಾದ ದಾರದಿಂದ ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. 27.07 ಗ್ರಾಂ ತೂಗುವ ನೈಜ ನಾಣ್ಯ ನೀರಿನಲ್ಲಿ ಸುಮಾರು 2.6 ಗ್ರಾಂ ಹಗುರವಾಗುತ್ತದೆ, ಅಂದರೆ ಸಾಂದ್ರತೆ ಸುಮಾರು 10.3. ಅಷ್ಟೇ ತೂಕದ ಜರ್ಮನ್ ಸಿಲ್ವರ್ ನಕಲು ಸುಮಾರು 3.1 ಗ್ರಾಂ ಹಗುರವಾಗುತ್ತದೆ. ಅಯಸ್ಕಾಂತಕ್ಕೆ ಅಂಟುವ ನಾಣ್ಯವನ್ನು ಧಾರಾಳವಾಗಿ ತಿರಸ್ಕರಿಸಬಹುದು. ಆದರೆ ತಾಮ್ರ, ಹಿತ್ತಾಳೆಗಳೂ ಅಂಟುವುದಿಲ್ಲವಾದ್ದರಿಂದ ಅಂಟದಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಮುಳುಗಿದ ಹಡಗುಗಳಿಂದ ತೆಗೆದ ನಾಣ್ಯಗಳಿಗೆ ಈ ಲೆಕ್ಕ ನೇರವಾಗಿ ಅನ್ವಯಿಸದು. ಸಮುದ್ರದ ಉಪ್ಪುನೀರು ಬೆಳ್ಳಿಯನ್ನು ತಿಂದುಹಾಕುವುದರಿಂದ ಅವುಗಳ ತೂಕ ಬಹಳ ಕಡಿಮೆ ಇರಬಹುದು. 1622ರಲ್ಲಿ ಮುಳುಗಿದ 'ಅತೋಚಾ' ಹಡಗಿನಂತಹವುಗಳ ನಾಣ್ಯಗಳೊಡನೆ ಪ್ರಮಾಣಪತ್ರಗಳು ಬರುವುದುಂಟು. ಪತ್ರದಲ್ಲಿರುವ ಚಿತ್ರ ಹಾಗೂ ತೂಕ ಕೈಯಲ್ಲಿರುವ ನಾಣ್ಯದ್ದೇ ಎಂದು ಖಚಿತವಾಗದ ಹೊರತು ಪತ್ರಕ್ಕೆ ಬೆಲೆಯಿಲ್ಲ.

ಅಂಚು

ಯಂತ್ರದಿಂದ ತಯಾರಾದ ನಾಣ್ಯಗಳಲ್ಲಿ ನಕಲುಗಾರರು ಹೆಚ್ಚಾಗಿ ಎಡವುವುದು ಅಂಚಿನಲ್ಲಿ. 1732ರಲ್ಲಿ ಮೆಕ್ಸಿಕೋದಲ್ಲಿ ಆರಂಭವಾದ ಸ್ತಂಭ ಮಾದರಿಯ ನಾಣ್ಯಕ್ಕೆ ಎಲೆಯಾಕಾರದ ಅಂಚು ಇದೆ. 1772ರಿಂದ ಬಂದ ರಾಜಮುಖದ ನಾಣ್ಯಕ್ಕೆ ವೃತ್ತ ಹಾಗೂ ಆಯತಗಳು ಒಂದಾದ ಮೇಲೊಂದರಂತೆ ಬರುವ ಅಂಚು ಇದೆ. ಬಿಲ್ಲೆಯನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಉರುಳಿಸಿ, ಒಂದೊಂದು ಪಟ್ಟಿಯಿಂದ ಅರ್ಧ ಸುತ್ತು ಮೂಡಿಸಲಾಗುತ್ತಿತ್ತು. ಹೀಗಾಗಿ ಎದುರುಬದುರಾದ ಎರಡು ಸ್ಥಳಗಳಲ್ಲಿ ವಿನ್ಯಾಸವು ಒಂದರ ಮೇಲೊಂದು ಬಿದ್ದು ಕೊಂಚ ಕಲಸಿಹೋಗಿರುತ್ತದೆ. ಸುತ್ತಲೂ ಎಲ್ಲಿಯೂ ಕೂಡುಗುರುತಿಲ್ಲದ ನಿರ್ದುಷ್ಟ ಅಂಚು ಸಂಶಯಾಸ್ಪದ. ಅಂಚಿನ ನಡುವೆ ಸುತ್ತಲೂ ಗೆರೆ ಕಂಡರೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಅದು ಎರಕ ಹೊಯ್ದ ನಕಲು.

ಕೈಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳಿಗೆ ಇಂತಹ ಅಂಚಿಲ್ಲ. ಬೆಳ್ಳಿಯ ಸರಳಿನಿಂದ ತುಂಡರಿಸಿ, ಹೆಚ್ಚಿನ ತೂಕವನ್ನು ಕತ್ತರಿಸಿ ತೆಗೆದು, ಸುತ್ತಿಗೆಯ ಪೆಟ್ಟಿನಿಂದ ಮುದ್ರಿಸಿದ ಕಾರಣ ಒಂದರಂತೆ ಮತ್ತೊಂದಿಲ್ಲ. ಆಕಾರ, ಸೀಳು, ಮಾಸಿದ ಅಕ್ಷರಗಳೆಲ್ಲವೂ ತದ್ರೂಪವಾದ ಎರಡು ನಾಣ್ಯಗಳು ದೊರೆತರೆ, ಅವುಗಳಲ್ಲಿ ಒಂದಾದರೂ ಎರಕದ್ದು.

ಬರಹ ಮತ್ತು ಚಿತ್ರ

ವರ್ಷ, ದೊರೆಯ ಹೆಸರು, ಟಂಕಸಾಲೆಯ ಚಿಹ್ನೆ, ಲೋಹಪರೀಕ್ಷಕರ ಹೆಸರಿನ ಮೊದಲಕ್ಷರ ಈ ನಾಲ್ಕೂ ಪರಸ್ಪರ ಹೊಂದಿಕೊಳ್ಳಬೇಕು. ಮೆಕ್ಸಿಕೋದ ಚಿಹ್ನೆ 'ಎಂ' ಅಕ್ಷರದ ಮೇಲೆ ಪುಟ್ಟ 'ಓ'. 1772ಕ್ಕೂ ಹಿಂದಿನ ವರ್ಷ ಹೊತ್ತ, ರಾಜಮುಖವಿರುವ ಎಂಟು ರೆಯಾಲ್ ಬೆಳ್ಳಿ ನಾಣ್ಯ ಖೋಟಾ. ಆದರೆ ತಪ್ಪಿನಂತೆ ಕಾಣುವುದೆಲ್ಲ ತಪ್ಪಲ್ಲ. ಮೂರನೆಯ ಕಾರ್ಲೋಸ್ 1788ರ ಡಿಸೆಂಬರಿನಲ್ಲಿ ಮರಣಹೊಂದಿದನು. ಹೊಸ ಭಾವಚಿತ್ರ ವಸಾಹತುಗಳಿಗೆ ಬರುವುದು ತಡವಾದುದರಿಂದ 1789 ಹಾಗೂ 1790ರ ನಾಣ್ಯಗಳಲ್ಲಿ ನಾಲ್ಕನೆಯ ಕಾರ್ಲೋಸನ ಹೆಸರಿನೊಡನೆ ತಂದೆಯ ಮುಖವೇ ಇದೆ.

ಚೀನಾದಲ್ಲಿ ವ್ಯಾಪಾರಿಗಳೂ ಸರಾಫರೂ ಪರೀಕ್ಷಿಸಿ ಒತ್ತಿದ ಮುದ್ರೆಗಳು ಅನೇಕ ನಾಣ್ಯಗಳ ಮೇಲಿವೆ. ಇವೂ ಅಂತಿಮ ಸಾಕ್ಷಿಯಲ್ಲ. ಮುದ್ರೆಸಹಿತವಾಗಿಯೇ ಎರಕ ಹೊಯ್ದ ನಕಲುಗಳಿವೆ. ನಿಜವಾಗಿ ಒತ್ತಿದ ಮುದ್ರೆಯ ಸುತ್ತ ಲೋಹ ಸರಿದಿರುತ್ತದೆ, ಹಿಂಬದಿಯಲ್ಲಿ ಅದೇ ಜಾಗ ಚಪ್ಪಟೆಯಾಗಿರುತ್ತದೆ.

ಪ್ರಯೋಗಾಲಯದ ಪರೀಕ್ಷೆ

ಎಕ್ಸ್‌-ರೇ ಪ್ರತಿದೀಪ್ತಿ ವಿಧಾನವು ನಾಣ್ಯವನ್ನು ಕೆಡಿಸದೆ ಲೋಹಗಳ ಪ್ರಮಾಣವನ್ನು ತಿಳಿಸುತ್ತದೆ. ಆದರೆ ಅದು ಕಾಣುವುದು ಮೇಲ್ಪದರವನ್ನು ಮಾತ್ರ. ಬೆಳ್ಳಿಯ ಹೊದಿಕೆಯ ಕೆಳಗಿನ ತಾಮ್ರ ತಪ್ಪಿಸಿಕೊಳ್ಳಬಹುದು. ಆದುದರಿಂದ ಇದರೊಡನೆ ಸಾಂದ್ರತೆಯನ್ನೂ ನೋಡಲಾಗುತ್ತದೆ. ಹಳೆಯ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಅತ್ಯಲ್ಪ ಚಿನ್ನ ಉಳಿದಿರುತ್ತದೆ. ವಿದ್ಯುತ್ತಿನಿಂದ ಶುದ್ಧಿಮಾಡಿದ ಆಧುನಿಕ ಬೆಳ್ಳಿಯಲ್ಲಿ ಅದು ಇರುವುದಿಲ್ಲ. ಉಜ್ಜಿ ಬೆಳಗಿಸುವುದು, ಒರೆಗಲ್ಲಿಗೆ ತಿಕ್ಕುವುದು, ಅಂಚನ್ನು ಕೊಯ್ದು ನೋಡುವುದು ಇವು ನೈಜ ನಾಣ್ಯದ ಬೆಲೆಯನ್ನೂ ಅದರ ಮೇಲಿನ ಸಾಕ್ಷ್ಯವನ್ನೂ ನಾಶಮಾಡುತ್ತವೆ.

ಪ್ರತಿರೂಪಗಳ ಗುರುತು

ಅಮೆರಿಕ ಸಂಯುಕ್ತ ಸಂಸ್ಥಾನದ 1973ರ ಕಾನೂನಿನಂತೆ ನಾಣ್ಯಗಳ ಪ್ರತಿರೂಪದ ಮೇಲೆ 'ಕಾಪಿ' ಎಂಬ ಪದವನ್ನು ಮುದ್ರಿಸಬೇಕು. ಆ ಪದವನ್ನು ಅಳಿಸಿ ಮಾರಿದಾಗ ಆ ಭಾಗ ತಗ್ಗಾಗಿ, ಗೀರುಗಳಿಂದ ಕೂಡಿರುತ್ತದೆ. ಚಲಾವಣೆಯ ಕಾಲದ ಹಳೆಯ ಖೋಟಾ ನಾಣ್ಯಗಳನ್ನಾದರೋ ಇಂದು ಸಂಗ್ರಾಹಕರು ಅವು ಖೋಟಾ ಎಂದು ತಿಳಿದೇ ಕೊಂಡು, ಪ್ರತ್ಯೇಕವಾಗಿ ಪಟ್ಟಿಮಾಡಿ ಅಧ್ಯಯನ ಮಾಡುತ್ತಾರೆ.