ಅಜ್ಜಿಯ ಕಷಾಯಕ್ಕೆ ‘ಟೀ’ ಅಂತ ಹೆಸರಿಟ್ಟಿದ್ದು ಯಾರು?

ಹೋದ ದೀಪಾವಳಿಗೆ ಹಿರಿಯೂರಿನ ಮನೆಗೆ ಹೋಗಿದ್ದೆ. ತಂಗಿ ಒಂದು ಚೆಂದದ ಡಬ್ಬಿ ತಂದು ಮುಂದಿಟ್ಟಳು. ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಮೇಲೆ ‘ಹರ್ಬಲ್ ಟೀ’ ಅಂತ ಬರೆದಿದೆ. ಐವತ್ತು ಗ್ರಾಂಗೆ 350 ರೂಪಾಯಿ. ಮುಚ್ಚಳ ತೆಗೆದರೆ ಒಳಗೆ ಒಣಗಿದ ಹಳದಿ ಹೂವು. ಅವ್ವ ಬಗ್ಗಿ ನೋಡಿ, “ಅಯ್ಯೋ, ಇದು ತಂಗಡಿ ಹೂವಲ್ಲೇನೇ!” ಅಂತ ಜೋರಾಗಿ ನಕ್ಕಳು. ನಮ್ಮ ಹೊಲದ ಬದುವಿನಲ್ಲಿ, ಹೈವೇ ಪಕ್ಕದಲ್ಲಿ ಯಾರೂ ನೀರು ಹಾಕದೆ ಬೆಳೆಯೋ ಗಿಡ ಅದು.

ಆದ್ರೆ ಡಬ್ಬಿ ಮೇಲೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತೆ ಅಂತಲೂ ಇತ್ತು. ಅವ್ವನಿಗೆ ಹನ್ನೆರಡು ವರ್ಷದಿಂದ ಶುಗರ್. “ಹಂಗಾದ್ರೆ ಮಾತ್ರೆ ಬಿಟ್ಟುಬಿಡಬೌದೇನಪ್ಪಾ?” ಅಂತ ಕೇಳಿದಳು. ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು ಎಲ್ಲರಿಗೂ ಪ್ರಶ್ನೆ ಎಸೆಯೋ ನನಗೆ ತಕ್ಷಣ ಬಾಯಿ ಬರಲಿಲ್ಲ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ. ಮೊದಲು ಈ ತಂಗಡಿಯ ಕಥೆ ಕೇಳಿ.

ಆವರಿಕೆ ಅಂತಲೂ ಕರೆಯೋ ಈ ಗಿಡದ ತೊಗಟೆಯಲ್ಲಿ ಟ್ಯಾನಿನ್ ಹೇರಳ. ಚರ್ಮ ಹದ ಮಾಡೋಕೆ ತಲೆಮಾರುಗಳಿಂದ ಬಳಸಿದ್ದು ಇದನ್ನೇ. ಪಕ್ಕದ ತೆಲಂಗಾಣದಲ್ಲಿ ಇದು ರಾಜ್ಯ ಪುಷ್ಪ, ಬತುಕಮ್ಮ ಹಬ್ಬದಲ್ಲಿ ಪೇರಿಸೋ ಹೂವು. ತಮಿಳುನಾಡಿನ ಸಿದ್ಧ ವೈದ್ಯರು ಇದರಿಂದ ಕುಡಿಯೋ ಕಷಾಯ ಮಾಡ್ತಾರೆ. ಶ್ರೀಲಂಕಾದಲ್ಲಿ ಇದೇ ‘ರಣವರಾ’. ಅಲ್ಲಿನ ಮಾತರ ಊರಿನ ಹೆಸರು ಸೇರಿಸಿ ಇಂಗ್ಲಿಷಿನವರು ಇದನ್ನ ‘ಮಾತರ ಟೀ’ ಗಿಡ ಅಂತ ಕರೆದರು. ನೋಡಿ, ಟೀ ಅನ್ನೋ ಹೆಸರು ಅಂಟಿದ್ದು ಹೀಗೆ. ನಿಜವಾದ ಟೀ ಬರೋದು ಕ್ಯಾಮೆಲಿಯಾ ಸೈನೆನ್ಸಿಸ್ ಅನ್ನೋ ಒಂದೇ ಗಿಡದಿಂದ. ಗ್ರೀನ್, ಬ್ಲಾಕ್, ವೈಟ್ ಎಲ್ಲವೂ ಅದರದ್ದೇ ಎಲೆ. ಉಳಿದದ್ದೆಲ್ಲ ಕಷಾಯ!

ಶ್ರೀರಂಗಪಟ್ಟಣ ಬಿದ್ದ ಮೇಲೆ, 1801ರಲ್ಲಿ, ಕಂಪನಿ ಸರ್ಕಾರದ ಫ್ರಾನ್ಸಿಸ್ ಬುಕನನ್ ನಮ್ಮ ಹಿರಿಯೂರು, ಚಿತ್ರದುರ್ಗ ಹಾದುಹೋದ. ಯಾವ ಊರಲ್ಲಿ ಏನು ಬೆಳೀತಾರೆ, ಏನು ಮಾರ್ತಾರೆ ಎಲ್ಲ ಬರ್ಕೊಂಡ. ಅವತ್ತಿಗೆ ಅಸ್ಸಾಂ ಕಾಡಲ್ಲಿ ಟೀ ಗಿಡ ಇದೆ ಅನ್ನೋದೇ ಕಂಪನಿಗೆ ಗೊತ್ತಿರಲಿಲ್ಲ. ರಾಬರ್ಟ್ ಬ್ರೂಸ್ ಅದರ ಸುಳಿವು ಹಿಡಿದದ್ದು 1823ರಲ್ಲಿ. ಆಮೇಲೆ ತೋಟ ಎದ್ದವು, ಎಲೆ ಲಂಡನ್ನಿಗೆ ಹೋಯ್ತು. ಬೆಳೆದ ನಾವು ಮಾತ್ರ ಕುಡೀತಿರಲಿಲ್ಲ. ನಮ್ಮ ಒಲೆ ಮೇಲೆ ಇದ್ದದ್ದು ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ, ಬೆಲ್ಲ.

ಹಾಗಾದರೆ ಟೀ ಕುಡಿಸಿದ್ದು ಯಾರು? ಜಾಹೀರಾತು! 1903ರಲ್ಲಿ, ಲಾರ್ಡ್ ಕರ್ಜನ್ ಕಾಲದಲ್ಲಿ, ಟೀ ಸೆಸ್ ಕಾಯ್ದೆ ಬಂತು. ರಫ್ತಾಗೋ ಟೀ ಮೇಲೆ ಸುಂಕ ಹಾಕಿ, ಆ ದುಡ್ಡಲ್ಲಿ ಟೀ ಪ್ರಚಾರ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮಾಲು ಉಳಿದಾಗ ಪ್ರಚಾರದ ಪೂರ್ತಿ ಜೋರು ನಮ್ಮ ಕಡೆ ತಿರುಗಿತು. ರೈಲ್ವೆ ಸ್ಟೇಷನ್ನುಗಳಲ್ಲಿ ದೇಶಭಾಷೆಗಳಲ್ಲಿ ಬೋರ್ಡು, ಕಾರ್ಖಾನೆಗಳಲ್ಲಿ ಟೀ ವಿರಾಮ, ಮನೆಮನೆಗೆ ಹೋಗಿ ಟೀ ಮಾಡಿ ತೋರಿಸೋ ಜನ. ಬಂಗಾಳದ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರೇ ಟೀ ಚಟದ ವಿರುದ್ಧ ಬರೆದರು. ಗಾಂಧೀಜಿ 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಕೂತು ಆರೋಗ್ಯದ ಬಗ್ಗೆ ಬರೆದಾಗ, ಟೀ ಬದಲು ಬಿಸಿನೀರಿಗೆ ಜೇನು, ನಿಂಬೆರಸ ಹಾಕ್ಕೊಳ್ಳಿ ಅಂದರು. ಇವತ್ತು ಜಿಮ್ಮಿನವರು ಹೇಳೋದು ಇದನ್ನೇ, ಅಲ್ವಾ?

ನಂಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಪ್ರಚಾರದವರು ಹೇಳಿಕೊಟ್ಟ ಟೀಯನ್ನ ನಮ್ಮ ರಸ್ತೆ ಬದಿಯ ಟೀ ಅಂಗಡಿಯವರು ಹಾಗೇ ಮಾಡಲಿಲ್ಲ. ಎಲೆ ಕಡಿಮೆ ಮಾಡಿ ಹಾಲು, ಸಕ್ಕರೆ ಜಾಸ್ತಿ ಸುರಿದರು. ಶುಂಠಿ ಜಜ್ಜಿ ಹಾಕಿದರು, ಏಲಕ್ಕಿ ಹಾಕಿದರು. ಎಲೆ ಖರ್ಚಾಗಲ್ಲ ಅಂತ ಟೀ ಸಂಘದವರಿಗೆ ಸಿಟ್ಟು. ಅಜ್ಜಿಯ ಕಷಾಯ ಹಿಂಬಾಗಿಲಿಂದ ಟೀ ಲೋಟದೊಳಗೆ ನುಗ್ಗಿಬಿಟ್ಟಿತ್ತು. ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಬೆಳಗಿನ ಜಾವ ಇಳಿದು ಶುಂಠಿ ಟೀ ಕುಡಿದವರಿಗೆ ನಾನೇನು ಹೇಳಬೇಕಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. 2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ, ಒಣದ್ರಾಕ್ಷಿ ಹಾಕಿದ ಹರ್ಬಲ್ ಟೀಯನ್ನ ದಿನಕ್ಕೆ ಒಂದೋ ಎರಡೋ ಸಲ ಕುಡೀರಿ ಅಂತ ಸಲಹೆ ಕೊಟ್ಟಿತು. ನಾವು ಚಾನೆಲ್‌ನವರು ಅಷ್ಟಕ್ಕೆ ಬಿಡ್ತೀವಾ? ನಾನೇ ಅರ್ಧ ಗಂಟೆ ಕಾರ್ಯಕ್ರಮ ಮಾಡಿದೆ. ಅಮೃತಬಳ್ಳಿಯನ್ನೂ ಸೇರಿಸಿದೆ. ಮಾರನೇ ದಿನ ಹೊಸದುರ್ಗದಿಂದ ಒಬ್ಬರು ಫೋನ್ ಮಾಡಿ, “ಸಾರ್, ದಿನಕ್ಕೆ ಎಷ್ಟು ಲೋಟ?” ಅಂತ ಕೇಳಿದರು. ನಾನು ಉತ್ತರ ಹೇಳದೆ ಮಾತು ತೇಲಿಸಿದೆ. ಇಂಜಿನಿಯರಿಂಗ್ ಓದಿದವನು ನಾನು. ಪ್ರಮಾಣ ಇಲ್ಲದ ಲೆಕ್ಕ ಲೆಕ್ಕವೇ ಅಲ್ಲ ಅಂತ ಮೊದಲ ಸೆಮಿಸ್ಟರಿನಲ್ಲೇ ಕಲಿಸಿರ್ತಾರೆ. 2021ರಲ್ಲಿ, ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದಿದೆ ಅಂತ ಮುಂಬೈ ವೈದ್ಯರು ವರದಿ ಪ್ರಕಟಿಸಿದರು. ಸಚಿವಾಲಯ ಅದನ್ನ ಒಪ್ಪಲಿಲ್ಲ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಡಾಕ್ಟರಲ್ಲ. ಆದ್ರೆ ಆ ಫೋನ್ ಕರೆ ಮಾತ್ರ ಇನ್ನೂ ಕಿವೀಲಿದೆ.

ಅದಕ್ಕೇ ಅವ್ವನಿಗೆ ಈ ಸಲ ನೇರವಾಗಿ ಹೇಳಿದೆ. “ಮಾತ್ರೆ ಬಿಡಬೇಡ. ಈ ಹೂವು ನಿಜವಾಗ್ಲೂ ಶುಗರ್ ಇಳಿಸೋದಾದ್ರೆ, ಮಾತ್ರೆ ಜೊತೆ ಸೇರಿ ಜಾಸ್ತಿನೇ ಇಳಿಸಿಬಿಡಬಹುದು. ಡಾಕ್ಟರ್ ಹತ್ರ ಡಬ್ಬಿ ತಗೊಂಡೇ ಹೋಗೋಣ.” ತಂಗಿ ಮುಖ ಸಪ್ಪಗಾಯ್ತು. ಪಾಪ, ಪ್ರೀತಿಯಿಂದ ತರಿಸಿದ್ದು.

ಅವಳನ್ನ ಸಮಾಧಾನ ಮಾಡೋಕೆ ಅದೇ ಪಾರ್ಸಲ್‌ನಲ್ಲಿ ಬಂದಿದ್ದ ವೈಟ್ ಟೀ ಪೊಟ್ಟಣ ಒಡೆದೆವು. ಇದರ ತವರು ಚೀನಾದ ಫುಜಿಯಾನ್. ಈಗ ನೀಲಗಿರಿಯಲ್ಲೂ ಮಾಡ್ತಾರೆ. ಎಳೇ ಕುಡಿಯನ್ನ ಉಜ್ಜದೆ, ಹುರಿಯದೆ ಬಾಡಿಸಿ ಒಣಗಿಸೋದು, ಅಷ್ಟೇ. ಕೆಫೀನ್ ಇರಲ್ಲ ಅಂತಾರಲ್ಲ, ಅದು ಸುಳ್ಳು. ಎಳೇ ಕುಡಿಯಲ್ಲಿ ಕೆಫೀನ್ ಚೆನ್ನಾಗಿಯೇ ಇರುತ್ತೆ. ಕುದಿಯೋ ನೀರನ್ನ ಕೆಳಗಿಳಿಸಿ, 80 ಡಿಗ್ರಿ ಆಸುಪಾಸಿಗೆ ಆರಲು ಬಿಟ್ಟು, ಒಂದು ಲೋಟಕ್ಕೆ ಎರಡು ಗ್ರಾಂ ಹಾಕಿ ಐದು ನಿಮಿಷ ಮುಚ್ಚಿಟ್ಟೆ. ಕುಡಿದರೆ ರುಚಿಯೇ ಇಲ್ಲ! ಮೇಲೆ ತೆಳ್ಳಗೆ ಕೆನೆಯಂಥದ್ದು ಬೇರೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಮಹಿಮೆ ಅದು, ಕ್ಯಾಲ್ಸಿಯಂ ಸೇರಿ ಪದರ ಕಟ್ಟುತ್ತೆ. ದುರ್ಗದ ಹಿರಿಯರು ಹೊಂಡಕ್ಕೆ ‘ಸಿಹಿನೀರು ಹೊಂಡ’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಮಗಿಂತ ಮುಂಚೆ ನೀರಿನ ರುಚಿ ನೋಡಿದವರು ಅವರು.

ಎರಡನೇ ಸಲ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಮಾಡಿದೆ. ತಿಳಿ ಜೇನಿನ ಬಣ್ಣ, ಒಣಹುಲ್ಲಿನ ಘಮ, ಕೊನೆಗೆ ನಾಲಿಗೆ ತುದಿಯಲ್ಲಿ ಸಣ್ಣ ಸಿಹಿ. ನಂಗೂ ತಂಗಿಗೂ ಇಷ್ಟವಾಯ್ತು. ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ಅಕ್ಕಿ ತೊಳೆದ ನೀರಿದ್ದಂಗೈತೆ,” ಅಂದು, ಶುಂಠಿ ಜಜ್ಜೋಕೆ ಅಡುಗೆಮನೆಗೆ ಎದ್ದುಹೋದಳು.