ಔಷಧಜನ್ಯ ದವಡೆಮೂಳೆ ಹಾನಿ: ಅಪಾಯದ ಅಂದಾಜು

ಮೂಳೆ ಸವೆತಕ್ಕೂ ಮೂಳೆಗೆ ಹರಡಿದ ಕ್ಯಾನ್ಸರಿಗೂ ಕೊಡುವ ಕೆಲವು ಔಷಧಗಳಿಂದ ದವಡೆಯ ಮೂಳೆ ಸತ್ತು, ಒಸಡು ಬಿಟ್ಟು, ಬಾಯಿಯೊಳಗೆ ಬಯಲಾಗುವುದುಂಟು. ಈ ಔಷಧ ಪಡೆದವರಲ್ಲಿ, ದವಡೆಗೆ ವಿಕಿರಣ ಚಿಕಿತ್ಸೆ ಆಗಿರದೆ, 8 ವಾರ ಕಳೆದರೂ ಹುಣ್ಣು ಮುಚ್ಚದೆ ಮೂಳೆ ಕಾಣುತ್ತಿದ್ದರೆ ಅದನ್ನು ಔಷಧಜನ್ಯ ಹಾನಿ ಎಂದು ಗುರುತಿಸುತ್ತಾರೆ.

ಇಂಥದೇ ರೋಗ 19ನೆಯ ಶತಮಾನದಲ್ಲಿ ಯುರೋಪಿನ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿತ್ತು. ಬಿಳಿ ರಂಜಕದ ಹಬೆ ಕುಡಿದ ಕಾರ್ಮಿಕರ ದವಡೆ ಕೊಳೆಯುತ್ತಿತ್ತು. 1906ರ ಬರ್ನ್ ಒಪ್ಪಂದ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು. ಭಾರತದಲ್ಲಿ 1913ರಲ್ಲಿ ಕಾಯಿದೆಯಾಯಿತು.

2003ರಲ್ಲಿ ಮಯಾಮಿಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್, ಪ್ಯಾಮಿಡ್ರೊನೇಟ್ ಮತ್ತು ಜೊಲೆಡ್ರೊನೇಟ್ ಎಂಬ ಬಿಸ್‌ಫಾಸ್ಫೊನೇಟ್ ಜಾತಿಯ ಔಷಧ ಪಡೆದ 36 ರೋಗಿಗಳ ದವಡೆ ಹಾನಿಯನ್ನು ವರದಿ ಮಾಡಿದರು. ಮರುವರ್ಷ ಸಾಲ್ವಟೋರ್ ರುಗ್ಗಿಯೆರೊ ಮತ್ತು ಸಂಗಡಿಗರು 63 ಜನರ ವಿವರ ಕೊಟ್ಟರು. ಅವರಲ್ಲಿ 56 ಮಂದಿ ರಕ್ತನಾಳದ ಮೂಲಕ, 7 ಮಂದಿ ಮಾತ್ರೆಯಾಗಿ ಔಷಧ ಪಡೆದಿದ್ದರು. 2010ರಲ್ಲಿ ಬಂದ ಡೆನೊಸುಮ್ಯಾಬ್ ಬೇರೆ ಜಾತಿಯ ಔಷಧವಾದರೂ ಅದರಿಂದಲೂ ಇದೇ ತೊಂದರೆ ಕಂಡಿತು. ಆದ್ದರಿಂದ 2014ರಲ್ಲಿ ಅಮೆರಿಕದ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರ ಸಂಘ ರೋಗದ ಹೆಸರಿನಿಂದ ಬಿಸ್‌ಫಾಸ್ಫೊನೇಟ್ ಪದವನ್ನು ತೆಗೆದು 'ಔಷಧ ಸಂಬಂಧಿ' ಎಂದಿಟ್ಟಿತು.

ಈ ಔಷಧಗಳು ಹಳೆಯ ಮೂಳೆ ಕರಗುವುದನ್ನು ತಡೆಯುತ್ತವೆ. ಹಲ್ಲು ಕಿತ್ತ ಗುಳಿ ಮಾಯಲು ಹಳೆಯ ಮೂಳೆ ಕರಗಿ ಹೊಸದು ಕೂಡಬೇಕು. ದವಡೆಯ ಮೇಲಿನ ಪದರ ತೆಳು, ಬಾಯಿಯಲ್ಲಿ ಸೂಕ್ಷ್ಮಾಣುಗಳೂ ಹೆಚ್ಚು. ಹೀಗಾಗಿ ಬಹುಪಾಲು ಪ್ರಕರಣಗಳು ಹಲ್ಲು ಕೀಳಿಸಿದ ಮೇಲೆ ಬೆಳಕಿಗೆ ಬರುತ್ತವೆ.

ಅಪಾಯವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯುವ ಯತ್ನವೂ ನಡೆಯಿತು. ಮೂಳೆ ಕರಗುವಾಗ ರಕ್ತಕ್ಕೆ ಸೇರುವ ಸಿಟಿಎಕ್ಸ್ ಅಂಶ ಮಿಲಿಲೀಟರಿಗೆ 100 ಪಿಕೊಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು ಎಂದು 2007ರಲ್ಲಿ ಮಾರ್ಕ್ಸ್ ಸೂಚಿಸಿದರು. ಮುಂದಿನ ಅನುಭವ ಅದನ್ನು ಎತ್ತಿಹಿಡಿಯಲಿಲ್ಲ. ಇಂದು ಕಾಯಿಲೆ, ಪ್ರಮಾಣ, ಅವಧಿ, ಜೊತೆಯ ಸ್ಟೀರಾಯ್ಡ್, ಒಸಡಿನ ಸ್ಥಿತಿ ಇವನ್ನು ಕೂಡಿಸಿ ನೋಡುತ್ತಾರೆ. ಮೂಳೆ ಸವೆತಕ್ಕೆ ಡೆನೊಸುಮ್ಯಾಬ್ 6 ತಿಂಗಳಿಗೆ 60 ಮಿಲಿಗ್ರಾಂ. ಮೂಳೆಗೆ ಹರಡಿದ ಕ್ಯಾನ್ಸರಿಗೆ 4 ವಾರಕ್ಕೆ 120. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಪಡೆಯುವ 10,000 ಜನರಲ್ಲಿ 2ರಿಂದ 5 ಮಂದಿಗೆ ಹಾನಿಯಾದರೆ, ಕ್ಯಾನ್ಸರ್ ರೋಗಿಗಳಲ್ಲಿ ಅದು 100ಕ್ಕೆ 5ರೊಳಗೆ ಎಂದು ಅಮೆರಿಕದ ಸಂಘದ 2022ರ ವರದಿ ಅಂದಾಜಿಸಿದೆ. ಸ್ಕಾಟ್ಲೆಂಡಿನ 2017ರ ಮಾರ್ಗಸೂಚಿ ಬಿಸ್‌ಫಾಸ್ಫೊನೇಟ್ 5 ವರ್ಷ ದಾಟಿದವರನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿತು.

ಔಷಧದ ದಾಖಲೆ ಕೈಯಲ್ಲಿಲ್ಲದಿದ್ದರೆ ಈ ಅಂದಾಜು ಕಷ್ಟ. ಉದಾಹರಣೆಗೆ, ಬಹ್ರೇನ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಕಿಂಗ್ ಹಮದ್ ವಿಶ್ವವಿದ್ಯಾಲಯ ಆಸ್ಪತ್ರೆಯ ಆವರಣದಲ್ಲಿ ಪ್ರತ್ಯೇಕ ಕೇಂದ್ರವಿದೆ. ಅಲ್ಲಿನ ಕನ್ನಡ ಕುಟುಂಬಗಳಿಗೆ ಈ ಅಂದಾಜಿನಲ್ಲಿ ಒಂದು ತೊಡಕಿದೆ: ಬಹ್ರೇನ್‌ನಲ್ಲಿ ಇಂಜೆಕ್ಷನ್ ಪಡೆದವರು ರಜೆಗೆ ಬಂದಾಗ ಮಂಗಳೂರಿನಲ್ಲೋ ಉಡುಪಿಯಲ್ಲೋ ಹಲ್ಲು ಕೀಳಿಸಿದರೆ, ಎರಡು ಕಡೆಯ ದಾಖಲೆಗಳು ಕೂಡುವುದಿಲ್ಲ. 'ಯಾವ ಮಾತ್ರೆ ತಗೋತೀರಿ?' ಎಂದು ದಂತವೈದ್ಯರು ಕೇಳಿದರೆ ವರ್ಷಕ್ಕೊಮ್ಮೆ ಹಾಕಿಸಿಕೊಂಡ ಡ್ರಿಪ್ ನೆನಪಿಗೆ ಬರುವುದಿಲ್ಲ.

ಹಲ್ಲಿನ ಭಯಕ್ಕೆ ಔಷಧ ಬಿಡುವುದೂ ಸಲ್ಲದು. ಡೆನೊಸುಮ್ಯಾಬ್ ಹಠಾತ್ತನೆ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಸಂಭವವಿದೆ. ಔಷಧ ಶುರುವಾಗುವ ಮುನ್ನವೇ ಬಾಯಿ ಪರೀಕ್ಷಿಸಿ, ಕೀಳಬೇಕಾದ ಹಲ್ಲು ಕಿತ್ತು, ಗಾಯ ಮಾಯಲು ಬಿಡುವುದು ಉತ್ತಮ. ಔಷಧದ ಹೆಸರು ಮತ್ತು ಕೊನೆಯ ಇಂಜೆಕ್ಷನ್ನಿನ ದಿನಾಂಕ ಬರೆದ ಚೀಟಿಯೊಂದನ್ನು ರೋಗಿ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.