ಹಿಟ್ಟಿನ ಕೋಳಿಯ ಕೂಗು

ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಗಿಳಿಯೋ ಆನೆಯೋ ಬಂದರೆ ಅದನ್ನು ಮುರಿದು ತಿನ್ನಬಾರದೆಂದು ಮಕ್ಕಳಿಗೆ ತಿಳಿಹೇಳುವ ಹಿರಿಯರು ಜೈನ ಮನೆತನಗಳಲ್ಲಿ ಇಂದಿಗೂ ಉಂಟು. ‘ಅದು ಬರಿಯ ಸಕ್ಕರೆಯಲ್ಲವೇ, ಅದಕ್ಕೆ ಜೀವವೆಲ್ಲಿದೆ?’ ಎಂದು ಮಗು ಕೇಳುವುದು ಸಹಜ. ಈ ಪ್ರಶ್ನೆಗೆ ಶಾಸ್ತ್ರವು ಲಕ್ಷಣವಾಕ್ಯದಿಂದ ಉತ್ತರಿಸುತ್ತದೆ. ಕಾವ್ಯವು ಒಂದು ವಿಸ್ಮಯದಿಂದ ಉತ್ತರಿಸುತ್ತದೆ. ಆ ವಿಸ್ಮಯವೇ ಯಶೋಧರನ ಕಥೆಯಲ್ಲಿ ಬರುವ ಹಿಟ್ಟಿನ ಕೋಳಿಯ ಕೂಗು.

ಯಶೋಧರನ ಕಥೆ ಬಹು ಪ್ರಾಚೀನವಾದುದು. ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿ ಅದು ಕಾಣಿಸಿಕೊಂಡಿದೆ. ರಾಷ್ಟ್ರಕೂಟರ ಕಾಲದಲ್ಲಿ ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ‘ಯಶಸ್ತಿಲಕ’ವೆಂಬ ಸಂಸ್ಕೃತ ಚಂಪುವನ್ನು ಪೂರ್ಣಗೊಳಿಸಿದರು. ಅದೇ ಶತಮಾನದಲ್ಲಿ ಮಾನ್ಯಖೇಟದ ಪುಷ್ಪದಂತನು ಅಪಭ್ರಂಶದಲ್ಲಿ ‘ಜಸಹರಚರಿಉ’ವನ್ನು ಬರೆದನು. ಹನ್ನೊಂದನೆಯ ಶತಮಾನದ ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ಕನ್ನಡದ ‘ಯಶೋಧರ ಚರಿತೆ’ಯನ್ನು ರಚಿಸಿದನು. ನಾಲ್ಕು ಅವತಾರಗಳಲ್ಲಿ ಮುಗಿಯುವ ಈ ಕಾವ್ಯದ ಬಹುಭಾಗ ಕಂದಪದ್ಯಗಳಲ್ಲಿದೆ.

ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿಯು ನಡುರಾತ್ರಿಯಲ್ಲಿ ಕೇಳಿಬಂದ ಮಾವಟಿಗನ ಗಾನಕ್ಕೆ ಮನಸೋಲುತ್ತಾಳೆ. ಅದನ್ನು ಕಣ್ಣಾರೆ ಕಂಡ ಅರಸನು ಎತ್ತಿದ ಕತ್ತಿಯನ್ನು ತಡೆಹಿಡಿಯುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಆ ಸಂಗತಿಯನ್ನು ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ಮಗನಿಗೆ ಕೇಡಾದೀತೆಂದು ಹೆದರಿದ ತಾಯಿ ದೇವಿಗೆ ಪ್ರಾಣಿಬಲಿಯನ್ನು ಕೊಡಬೇಕೆನ್ನುತ್ತಾಳೆ. ಮಗನು ಒಪ್ಪುವುದಿಲ್ಲ. ತಾಯಿಯು ಹಟವನ್ನು ಬಿಡುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾದ ಮಾರ್ಗವೊಂದು ದೊರೆಯುತ್ತದೆ: ಹಿಟ್ಟಿನಿಂದ ಕೋಳಿಯನ್ನು ಮಾಡಿ, ಬಣ್ಣ ಬಳಿದು, ಅದನ್ನೇ ಬಲಿಗೊಡುವುದು. ಆದರೆ ಅರಸನ ಕತ್ತಿ ಬಿದ್ದೊಡನೆ ಆ ಕೋಳಿ ಕೂಗಿಬಿಡುತ್ತದೆ. ಬೆಂತರವೊಂದು ಅದರೊಳಗೆ ಹೊಕ್ಕಿತ್ತೆಂದು ಕವಿ ಹೇಳುತ್ತಾನೆ.

ಇಲ್ಲಿನ ವಿಸ್ಮಯಕ್ಕೆ ಸಾಮಗ್ರಿಯಾಗಿರುವುದು ಹಿಟ್ಟು, ಬಣ್ಣ, ತಾಯಿಮಕ್ಕಳ ವಾಗ್ವಾದ ಮತ್ತು ಪ್ರತಿ ಬೆಳಗಿನಲ್ಲಿಯೂ ಕೇಳುವಂತಹ ಒಂದು ಕೋಳಿಯ ಕೂಗು. ಇಪ್ಪತ್ತನೆಯ ಶತಮಾನದ ವಿಮರ್ಶೆಯು ಇಂತಹ ಕಥನಕ್ರಮಕ್ಕೆ ಮಾಂತ್ರಿಕ ವಾಸ್ತವವಾದವೆಂಬ ಹೆಸರನ್ನು ಕೊಟ್ಟಿತು. ಜರ್ಮನಿಯ ಕಲಾವಿಮರ್ಶಕ ಫ್ರಾನ್ಸ್ ರೋ 1925ರಲ್ಲಿ ಚಿತ್ರಕಲೆಯನ್ನು ಕುರಿತು ಈ ಮಾತನ್ನು ಬಳಸಿದನು. ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್ 1949ರಲ್ಲಿ ಹೈಟಿಯ ಚರಿತ್ರೆಯನ್ನು ಆಧರಿಸಿದ ತನ್ನ ಕಾದಂಬರಿಯ ಮುನ್ನುಡಿಯಲ್ಲಿ, ಅದ್ಭುತವು ತನ್ನ ನೆಲದ ವಾಸ್ತವದಲ್ಲಿಯೇ ಹುದುಗಿದೆಯೆಂದು ವಾದಿಸಿದನು. ಕೊಲಂಬಿಯದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್‌ನ 1967ರ ‘ಒಂದು ನೂರು ವರ್ಷಗಳ ಏಕಾಂತ’ದಲ್ಲಿ ಹಾಸುಬಟ್ಟೆಗಳನ್ನು ಮಡಿಸುವ ಹೊತ್ತಿನಲ್ಲಿ ತರುಣಿಯೊಬ್ಬಳು ಆಕಾಶಕ್ಕೇರಿ ಮರೆಯಾಗುತ್ತಾಳೆ.

ಜನ್ನನನ್ನು ಈ ಪಂಥಕ್ಕೆ ಸೇರಿಸುವುದು ಉಚಿತವಾಗದು. ನಿತ್ಯಜೀವನದ ನಡುವೆಯೇ ಅದ್ಭುತವನ್ನು ನಿರಾಡಂಬರವಾಗಿ ಹೇಳುವ ರೀತಿ ಎರಡರಲ್ಲಿಯೂ ಸಮಾನವಾದುದು. ಆದರೆ ಆಕಾಶಕ್ಕೇರಿದ ತರುಣಿಯ ಕಥೆಯಲ್ಲಿ ಅದ್ಭುತಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ. ಜನ್ನನ ಕಾವ್ಯದಲ್ಲಾದರೋ ಅದ್ಭುತವು ಕರ್ಮನಿಯಮಕ್ಕೆ ಒಳಪಟ್ಟಿದೆ. ಕೂಗಿನ ಹಿಂದೆ ಕಾರಣವಿದೆ, ಮುಂದೆ ಫಲವಿದೆ. ಅಮೃತಮತಿಯಿಂದ ವಿಷಪ್ರಾಶನವಾಗಿ ಸತ್ತ ತಾಯಿಮಕ್ಕಳು ನವಿಲು ಮತ್ತು ನಾಯಿಯಾಗಿ ಹುಟ್ಟಿ, ತಮ್ಮ ಅರಮನೆಗೇ ಬಂದು ಸೇರುತ್ತಾರೆ. ಅಲ್ಲಿ ನವಿಲನ್ನು ನಾಯಿ ಕೊಲ್ಲುತ್ತದೆ. ಮಗನ ಕ್ಷೇಮಕ್ಕಾಗಿ ಬಲಿಯನ್ನು ಬಯಸಿದ ತಾಯಿಯೇ ಮಗನ ಮೃತ್ಯುವಾಗುತ್ತಾಳೆ. ಹೀಗೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದ ಬಳಿಕ ಆ ಜೀವಗಳು ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಜನಿಸುತ್ತವೆ.

ಬಲಿಗೊಂಡುದು ಹಿಟ್ಟಾಗಿರುವಾಗ ಇಷ್ಟು ಘೋರವಾದ ಫಲವೇ ಎಂಬ ಸಂದೇಹ ಏಳುತ್ತದೆ. ಪ್ರಮಾದಯೋಗದಿಂದ ಪ್ರಾಣಗಳನ್ನು ಘಾತಿಸುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ರಾಗಾದಿ ಭಾವಗಳ ಉದಯವೇ ಹಿಂಸೆಯೆಂದು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಸೂಕ್ಷ್ಮವಾಗಿ ಹೇಳಿದ್ದಾರೆ. ಯಶೋಧರನು ಕತ್ತಿ ಎತ್ತಿದಾಗ ಅವನ ಮುಂದಿದ್ದುದು ಹಿಟ್ಟು, ಸಂಕಲ್ಪದಲ್ಲಿದ್ದುದು ಕೋಳಿ. ಈ ಸಂಕಲ್ಪವು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಕವಿಯು ಅದಕ್ಕೆ ಕೋಳಿಯ ಕೂಗಿನ ಮೂಲಕ ದನಿಯನ್ನು ಕೊಟ್ಟನು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕಾಗಿ ಮತ್ತೆ ಇದೇ ಕಥೆಯತ್ತ ತಿರುಗಿದುದನ್ನು ನೋಡಿದರೆ, ಆ ದನಿಯು ಆಧುನಿಕ ಮನಸ್ಸನ್ನೂ ಕಲಕಬಲ್ಲುದೆಂಬುದು ಸ್ಪಷ್ಟವಾಗುತ್ತದೆ.

ವಿಸ್ಮಯವೆಲ್ಲವೂ ಮನುಷ್ಯನನ್ನು ಎಚ್ಚರಿಸುತ್ತದೆಂದು ಹೇಳಲಾಗದು. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗ ಇದಕ್ಕೆ ನಿದರ್ಶನ. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಮತ್ತೊಬ್ಬಳನ್ನು ನಿರ್ಮಿಸುತ್ತಾನೆ. ಸಭೆಯು ಏನನ್ನೂ ಅರಿಯದೆ ನೃತ್ಯದಲ್ಲಿ ಮೈಮರೆತಿರುತ್ತದೆ. ವೃಷಭನಾಥನೊಬ್ಬನೇ ಅದನ್ನರಿತು ವಿರಕ್ತನಾಗುತ್ತಾನೆ. ಇಂದ್ರನ ಮಾಯೆ ಮರಣವನ್ನು ಮರೆಮಾಡಿತು. ಬೆಂತರದ ಕೂಗು ಹಿಂಸೆಯನ್ನು ಬಯಲುಮಾಡಿತು. ಆದುದರಿಂದ ಅದ್ಭುತದ ಬೆಲೆಯನ್ನು ಅದರ ಬೆರಗಿನಿಂದ ಅಳೆಯಲಾಗದು. ಕಂಡವನ ನಡತೆಯಲ್ಲಿ ಅದು ತಂದ ಮಾರ್ಪಾಟಿನಿಂದಲೇ ಅಳೆಯಬೇಕು.

ಜನ್ನನ ಕಾವ್ಯವೂ ಇದೇ ಒರೆಗಲ್ಲಿನ ಮೇಲೆ ನಿಲ್ಲುತ್ತದೆ. ಈ ಭವಾವಳಿಯನ್ನು ಹೇಳುವವನು ಚಂಡಮಾರಿಯ ಗುಡಿಯಲ್ಲಿ ತಂಗಿಯೊಡನೆ ಬಲಿಗಾಗಿ ನಿಲ್ಲಿಸಲ್ಪಟ್ಟ ಬಾಲಕ ಅಭಯರುಚಿ. ಕೇಳುವವನು ಬಲಿಗೆ ಸಿದ್ಧನಾಗಿ ನಿಂತ ಅರಸ ಮಾರಿದತ್ತ. ಕಥೆ ಮುಗಿಯುವ ವೇಳೆಗೆ ಆ ಅರಸನು ಹಿಂಸೆಯಿಂದ ವಿಮುಖನಾಗುತ್ತಾನೆ. ಒಂದು ಕಥೆಯು ಇಬ್ಬರು ಮಕ್ಕಳ ಪ್ರಾಣವನ್ನುಳಿಸಿತು.

ಸಕ್ಕರೆಯ ಗಿಳಿಗೆ ಜೀವವಿಲ್ಲವೆಂಬ ಮಗುವಿನ ಮಾತು ನಿಜವೇ. ಮುರಿಯುವ ಕೈಯ ಹಿಂದೆ ಒಂದು ಮನಸ್ಸಿದೆ ಎಂಬುದೂ ಅಷ್ಟೇ ನಿಜ. ಬರಿಯ ನಿಷೇಧವನ್ನು ಹೇಳಿದರೆ ಮಗು ಅದನ್ನು ನಾಳೆ ಮರೆತೀತು. ಹಿಟ್ಟಿನ ಕೋಳಿಯು ಕೂಗಿದ ಕಥೆಯನ್ನು ಹೇಳಿದರೆ ಆ ಕೂಗು ಬಹುಕಾಲ ಕಿವಿಯಲ್ಲಿ ನಿಂತೀತು.